ದೋಣಿಯ ಪ್ಲಾಸ್ಟಿಕ್ ಕಿಟಕಿ: ಮೊದಲು ನೀರು, ಆಮೇಲೆ ಕೈ

ದೋಣಿಗೆ ಎಂಜಿನ್ ಬೇಕು. ಡೀಸೆಲ್ ಬೇಕು. ಚುಕ್ಕಾಣಿ ಬೇಕು. ಇವೆಲ್ಲ ಇದ್ದರೂ ಸಾಲದು. ದೋಣಿ ನಡೆಸುವವರಿಗೆ ಮುಂದೆ ಏನಿದೆ ಎಂದು ಚೆನ್ನಾಗಿ ಕಾಣಬೇಕು. ನೀರಿನೊಳಗಿನ ಬಂಡೆಯ ತಲೆ ಕಾಣಬೇಕು. ಬಲೆಗೆ ಕಟ್ಟಿದ ಬೆಂಡು ಕಾಣಬೇಕು. ಎದುರಿನಿಂದ ಬರುವ ಪುಟ್ಟ ದೋಣಿ ಕಾಣಬೇಕು.

ಸಮುದ್ರದಲ್ಲಿ ಓಡಾಡುವವರಿಗೆ ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಅದನ್ನು 1972ರಲ್ಲಿ ಮಾಡಿದರು. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಎಂಬುದು ಅದರ ಉದ್ದೇಶ. ಅದರ 5ನೆಯ ನಿಯಮ ಹೀಗಿದೆ: ದೊಡ್ಡ ಹಡಗಿರಲಿ, ಚಿಕ್ಕ ದೋಣಿಯಿರಲಿ, ಕಣ್ಣಿನಿಂದಲೂ ಕಿವಿಯಿಂದಲೂ ಸದಾ ಸರಿಯಾಗಿ ನಿಗಾ ಇಡಬೇಕು.

ಆದರೆ ಕಿಟಕಿಯೇ ಮಸುಕಾದರೆ ನಿಗಾ ಇಡುವುದು ಹೇಗೆ?

ಗಾಜಲ್ಲ, ಪ್ಲಾಸ್ಟಿಕ್

ಜನರನ್ನು ಹೊಳೆ ದಾಟಿಸುವ ದೋಣಿಗಳಿವೆ. ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳಿವೆ. ಇಂಥ ದೋಣಿಗಳಲ್ಲಿ ಮಳೆ, ಗಾಳಿ, ನೀರಿನ ಎರಚಲು ತಡೆಯಲು ಪರದೆ ಕಟ್ಟುತ್ತಾರೆ. ಆ ಪರದೆಯ ನಡುವೆ ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಹಾಳೆ ಹೊಲಿದಿರುತ್ತಾರೆ. ಅದೇ ದೋಣಿಯ ಕಿಟಕಿ. ಬೇಕಾದಾಗ ಇಳಿಸಬಹುದು. ಬೇಡವಾದಾಗ ಸುತ್ತಿ ಮೇಲೆ ಕಟ್ಟಬಹುದು.

ದೋಣಿ ನೋಡದವರೂ ಈ ಹಾಳೆಯನ್ನು ನೋಡಿರುತ್ತಾರೆ. ಆಟೋರಿಕ್ಷಾದ ಹಿಂದಿನ ಹೊದಿಕೆಯಲ್ಲಿ ಚೌಕಾಕಾರದ ಒಂದು ತುಂಡು ಇರುತ್ತದಲ್ಲ, ಅದೂ ಇಂಥದ್ದೇ. ಹೊಸದರಲ್ಲಿ ಫಳಫಳ ಹೊಳೆಯುತ್ತದೆ. ಕೆಲವು ಕಾಲ ಕಳೆದ ಮೇಲೆ ಹಳದಿಯಾಗುತ್ತದೆ. ಗೀರು ಬೀಳುತ್ತದೆ. ಹಿಂದೆ ಬಸ್ಸು ಬಂದರೂ ನೆರಳಿನಂತೆ ಕಾಣುತ್ತದೆ. ದೋಣಿಯ ಕಿಟಕಿಗೂ ಇದೇ ಗತಿ ಬರುತ್ತದೆ.

ಈ ಹಾಳೆಗೆ ವಿನೈಲ್ ಎಂದು ಹೆಸರು. ಪಿ.ವಿ.ಸಿ. ಎಂದೂ ಕರೆಯುತ್ತಾರೆ. ಮನೆಯ ನೀರಿನ ಪೈಪು ಮಾಡುವುದೂ ಪಿ.ವಿ.ಸಿ.ಯಿಂದಲೇ. ಹಾಗಾದರೆ ಪೈಪು ಗಟ್ಟಿ, ಹಾಳೆ ಮೆತ್ತಗೆ, ಯಾಕೆ?

ಹೋಳಿಗೆ ಮಾಡುವಾಗ ಕಣಕಕ್ಕೆ ಎಣ್ಣೆ ಹಾಕಿ ನಾದುತ್ತೇವೆ. ಆಗ ಕಣಕ ಮೆತ್ತಗಾಗುತ್ತದೆ. ಎಳೆದ ಹಾಗೆ ಬರುತ್ತದೆ. ಹಾಗೆಯೇ ಈ ಹಾಳೆ ಮಾಡುವಾಗ ಎಣ್ಣೆಯಂಥ ಒಂದು ದ್ರವವನ್ನು ಬೆರೆಸುತ್ತಾರೆ. ಪಿ.ವಿ.ಸಿ.ಯನ್ನು ಹೀಗೆ ಮೆದು ಮಾಡುವ ದಾರಿಯನ್ನು 1926ರಲ್ಲಿ ಅಮೆರಿಕದ ವಾಲ್ಡೋ ಸೀಮನ್ ಎಂಬ ವಿಜ್ಞಾನಿ ಕಂಡುಕೊಂಡರು.

ಈ ಎಣ್ಣೆಯಂಥ ಅಂಶ ಹಾಳೆಯೊಳಗೆ ಇರುವಷ್ಟು ದಿನ ಹಾಳೆ ಮೆತ್ತಗಿರುತ್ತದೆ. ಅದು ಹೊರಟುಹೋದರೆ ಹಾಳೆ ಬಿರುಸಾಗುತ್ತದೆ. ಮಡಚಿದ ಕಡೆ ಸೀಳುತ್ತದೆ. ಇದೊಂದು ಮಾತು ನೆನಪಿಟ್ಟರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕಿಟಕಿಗೆ ಮೂವರು ಶತ್ರುಗಳು

ಮೊದಲನೆಯ ಶತ್ರು ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಲೆಯ ಹನಿ ಕಿಟಕಿಯ ಮೇಲೆ ಹಾರುತ್ತದೆ. ಬಿಸಿಲಿಗೆ ನೀರು ಆರುತ್ತದೆ. ಉಪ್ಪು ಅಲ್ಲೇ ಉಳಿಯುತ್ತದೆ. ಬೆರಳಾಡಿಸಿ ನೋಡಿ, ತರಿತರಿ ಅನ್ನಿಸುತ್ತದೆ. ಉಪ್ಪಿನ ಹರಳು ಈ ಹಾಳೆಗಿಂತ ಗಟ್ಟಿ. ಮರಳು ಇನ್ನೂ ಗಟ್ಟಿ.

ಎರಡನೆಯ ಶತ್ರು ಬಿಸಿಲು. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಕಿರಣಗಳೂ ಇವೆ. ಅವಕ್ಕೆ ನೇರಳಾತೀತ ಕಿರಣ ಎನ್ನುತ್ತಾರೆ. ಅವು ಪ್ಲಾಸ್ಟಿಕ್ಕನ್ನು ಒಳಗಿನಿಂದಲೇ ಕೆಡಿಸುತ್ತವೆ. ಹಾಳೆ ಹಳದಿಯಾಗುವುದು ಇದರಿಂದಲೇ. ಬಿಸಿಲಿನ ಕಾವಿಗೆ ಒಳಗಿನ ಎಣ್ಣೆಯಂಥ ಅಂಶವೂ ಮೆಲ್ಲಮೆಲ್ಲನೆ ಹೊರಟುಹೋಗುತ್ತದೆ.

ಮೂರನೆಯ ಶತ್ರು ಯಾರು? ನಮ್ಮ ಕೈ! ಹೌದು, ಶುಚಿ ಮಾಡುತ್ತೇವೆ ಎಂದು ಹೋಗಿ ನಾವೇ ಕಿಟಕಿಯನ್ನು ಹಾಳು ಮಾಡುತ್ತೇವೆ. ಉಪ್ಪನ್ನೂ ಬಿಸಿಲನ್ನೂ ಪೂರ್ತಿ ತಡೆಯುವುದು ನಮ್ಮಿಂದ ಆಗದು. ನಮ್ಮ ಕೈಯನ್ನು ತಡೆಯಬಹುದು.

ದಕ್ಕೆಯ ಮೇಲಿನ ಮಾತು

ದಕ್ಕೆಯಲ್ಲಿ ಹೀಗೊಂದು ಮಾತುಕತೆ ನಡೆಯಿತು ಅಂದುಕೊಳ್ಳಿ. ಒಬ್ಬರು ದೋಣಿ ನಡೆಸುವ ಹಿರಿಯರು. ಇನ್ನೊಬ್ಬ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ. ಹುಡುಗ ಒಣ ಬಟ್ಟೆ ಹಿಡಿದು ಕಿಟಕಿ ಉಜ್ಜುತ್ತಿದ್ದಾನೆ.

"ಎಂತ ಮಾಡ್ತಾ ಇದ್ದೀಯ ಮಾರಾಯ?"

"ಒರೆಸ್ತಾ ಇದ್ದೇನೆ ಅಣ್ಣ. ಪೂರಾ ಬಿಳಿ ಬಿಳಿ ಆಗಿದೆ. ಎದುರು ಏನೂ ಕಾಣೂದಿಲ್ಲ."

"ಆ ಬಿಳಿ ಎಂತದ್ದು ಗೊತ್ತುಂಟಾ?"

"ಉಪ್ಪು ಅಲ್ವಾ?"

"ಹೌದು. ಒಣ ಉಪ್ಪಿನ ಮೇಲೆ ಬಟ್ಟೆ ಇಟ್ಟು ಉಜ್ಜಿದರೆ ಏನಾಗ್ತದೆ? ಬಟ್ಟೆಯೇ ಉಪ್ಪು ಕಾಗದ ಆಗ್ತದೆ. ಬಡಗಿ ಮರ ತಿಕ್ಕಿದ ಹಾಗೆ ನೀನು ಕಿಟಕಿ ತಿಕ್ಕುತ್ತಾ ಇದ್ದೀಯ."

"ಹಾಗಾದ್ರೆ ಒರೆಸೂದು ಬೇಡವಾ ಅಣ್ಣ?"

"ಒರೆಸು. ಆದ್ರೆ ಮೊದಲು ನೀರು ಹಾಕು. ಉಪ್ಪು ನೀರಿಗೆ ಕರಗ್ತದೆ. ಕರಗಿದ ಉಪ್ಪು ಗೀರುವುದಿಲ್ಲ. ಮೊದಲು ನೀರು, ಆಮೇಲೆ ಕೈ."

ಹಿರಿಯರು ಹೇಳಿದ್ದು ಸರಿ. ಬಡಗಿಯ ಉಪ್ಪು ಕಾಗದ ಮರವನ್ನು ನಯ ಮಾಡುತ್ತದೆ. ತಿಳಿಯಾದ ಹಾಳೆಯನ್ನು ಮಾತ್ರ ಮಂಜು ಮಾಡುತ್ತದೆ. ಒಂದು ಸಲ ಒರೆಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತದೆ. ನೂರು ಸಲ ಒರೆಸಿದರೆ ನೂರಾರು ಗೀರು. ಆಗ ಸಂಜೆಯ ಸೂರ್ಯ ಎದುರಿಗೆ ಬಂದರೆ ಕಿಟಕಿ ಪೂರ್ತಿ ಬೆಳ್ಳಗಾಗುತ್ತದೆ. ರಾತ್ರಿ ದಕ್ಕೆಯ ದೀಪಗಳು ಚದುರಿ ಕಾಣುತ್ತವೆ. ದೀಪ ಯಾವುದು, ದೂರ ಎಷ್ಟು, ಒಂದೂ ತಿಳಿಯುವುದಿಲ್ಲ.

ತೊಳೆಯುವ ಕ್ರಮ

ಈ ಕೆಲಸಕ್ಕೆ ದುಬಾರಿ ಸಾಮಾನು ಬೇಡ. ಎರಡು ಬಕೆಟ್, ಸಿಹಿನೀರು, ಸ್ವಲ್ಪ ಸೌಮ್ಯವಾದ ಸೋಪಿನ ದ್ರವ, ಎರಡು ಮೆತ್ತನೆಯ ಹತ್ತಿ ಬಟ್ಟೆ ಇದ್ದರೆ ಸಾಕು. ಹಳೆಯ ಪಂಚೆಯ ತುಂಡು ತುಂಬಾ ಒಳ್ಳೆಯದು. ಗುಂಡಿ, ಜಿಪ್ಪು, ದಪ್ಪ ಹೊಲಿಗೆ ಇರುವ ಬಟ್ಟೆ ಬೇಡ. ಅವೂ ಗೀರುತ್ತವೆ.

ಬೆಳಿಗ್ಗೆ ಅಥವಾ ಸಂಜೆಯ ತಂಪಿನಲ್ಲಿ ತೊಳೆಯಿರಿ. ಸುಡುವ ಬಿಸಿಲಿನಲ್ಲಿ ತೊಳೆದರೆ ಸೋಪಿನ ನೀರು ಅಲ್ಲಲ್ಲೇ ಆರಿ ಕಲೆ ನಿಲ್ಲುತ್ತದೆ.

1. ಮೊದಲು ಬರೀ ಸಿಹಿನೀರು ಸುರಿಯಿರಿ. ಮೇಲಿನಿಂದ ಕೆಳಕ್ಕೆ ಹರಿಯಲಿ. ಕೈ ಹಾಕಬೇಡಿ. ಉಪ್ಪು ಕರಗಲು ಸ್ವಲ್ಪ ಹೊತ್ತು ಬಿಡಿ. ಮತ್ತೊಮ್ಮೆ ಸುರಿಯಿರಿ.

2. ಒಂದು ಬಕೆಟ್ ನೀರಿಗೆ ಕೆಲವೇ ಹನಿ ಸೋಪಿನ ದ್ರವ ಹಾಕಿ. ಬಟ್ಟೆಯನ್ನು ಅದರಲ್ಲಿ ಚೆನ್ನಾಗಿ ನೆನೆಸಿ.

3. ನೆನೆದ ಬಟ್ಟೆಯನ್ನು ಕಿಟಕಿಯ ಮೇಲೆ ಹಗುರವಾಗಿ ಎಳೆಯಿರಿ. ಮೇಲಿನಿಂದ ಕೆಳಕ್ಕೆ ನೇರವಾಗಿ ಬನ್ನಿ. ಒತ್ತಬೇಡಿ. ಮಗುವಿನ ಕೆನ್ನೆ ಒರೆಸಿದ ಹಾಗೆ ಇರಲಿ.

4. ಬಟ್ಟೆಯನ್ನು ಆಗಾಗ ಎರಡನೆಯ ಬಕೆಟ್‌ನ ಬರೀ ನೀರಿನಲ್ಲಿ ಜಾಲಾಡಿಸಿ. ಇಲ್ಲದಿದ್ದರೆ ತೆಗೆದ ಕೊಳೆಯನ್ನೇ ಮತ್ತೆ ಹಚ್ಚಿದ ಹಾಗಾಗುತ್ತದೆ.

5. ಮತ್ತೆ ಸಿಹಿನೀರು ಸುರಿದು ಸೋಪು ಪೂರ್ತಿ ಹೋಗುವಂತೆ ಮಾಡಿ.

6. ಇನ್ನೊಂದು ಶುಚಿಯಾದ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ. ಅದರಿಂದ ನೀರಿನ ಹನಿಗಳನ್ನು ಮೆಲ್ಲಗೆ ತೆಗೆಯಿರಿ. ಹನಿಗಳು ಹಾಗೇ ಆರಿದರೆ ಗುಂಡು ಗುಂಡು ಕಲೆ ಉಳಿಯುತ್ತದೆ.

ಕಿಟಕಿಯ ಒಳಬದಿಯನ್ನೂ ಮರೆಯಬೇಡಿ. ಜನರ ಉಸಿರು, ಕೈಯ ಜಿಡ್ಡು, ಎಂಜಿನ್ನಿನ ಹೊಗೆ ಒಳಬದಿಯಲ್ಲೇ ಕೂರುತ್ತವೆ.

ನೀರಿನ ಬಗ್ಗೆ ಒಂದು ಮಾತು. ಕಡಲ ಹತ್ತಿರದ ಕೆಲವು ಬಾವಿಗಳ ನೀರೇ ಸವಳು. ಅದರಲ್ಲಿ ತೊಳೆದರೆ ಉಪ್ಪು ತೆಗೆದು ಉಪ್ಪು ಹಚ್ಚಿದಂತೆ. ಅಂಥ ಕಡೆ ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರು ಒಳ್ಳೆಯದು. ನೀರು ಕಡಿಮೆ ಇರುವ ದಿನ ಸೋಪು ಬಿಡಿ. ಒಂದು ಕೊಡ ಸಿಹಿನೀರು ಸುರಿದು ಬಿಡಿ. ಅಷ್ಟಾದರೂ ಪ್ರತಿದಿನ ಮಾಡಿದರೆ ಕಿಟಕಿ ಉಳಿಯುತ್ತದೆ.

ಹಕ್ಕಿಯ ಹಿಕ್ಕೆ ಬಿದ್ದಿದ್ದರೆ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಕಿಡಿ. ಮೆತ್ತಗಾದ ಮೇಲೆ ನೀರು ಸುರಿದರೆ ತಾನಾಗಿ ಜಾರುತ್ತದೆ.

ಇವುಗಳನ್ನು ಬಳಸಬೇಡಿ

ಪಾತ್ರೆ ತಿಕ್ಕುವ ತೆಂಗಿನ ನಾರು, ಬೂದಿ, ಸೋಪಿನ ಪುಡಿ, ಸ್ಟೀಲ್ ನಾರು ಬೇಡವೇ ಬೇಡ. ಪಾತ್ರೆ ಬೆಳಗುವ ವಸ್ತು ಕಿಟಕಿಯನ್ನು ಕುರುಡು ಮಾಡುತ್ತದೆ.

ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್, ಪೇಂಟಿಗೆ ಹಾಕುವ ಥಿನ್ನರ್ ಬೇಡ. ಎಂಜಿನ್ನಿನ ಜಿಡ್ಡು ತೆಗೆಯಲು ಇವು ಕೈಗೆಟಕುವಂತೆ ಇರುತ್ತವೆ. ಅದೇ ಬಟ್ಟೆಯನ್ನು ಕಿಟಕಿಗೂ ತಾಗಿಸುವುದುಂಟು. ಇವು ಹಾಳೆಯೊಳಗಿನ ಎಣ್ಣೆಯಂಥ ಅಂಶವನ್ನು ಎಳೆದು ತೆಗೆಯುತ್ತವೆ. ಹಾಳೆ ಮೊದಲು ಮಸುಕಾಗುತ್ತದೆ, ಆಮೇಲೆ ಬಿರುಸಾಗುತ್ತದೆ. ಎಂಜಿನ್ನಿನ ಬಟ್ಟೆ ಬೇರೆ, ಕಿಟಕಿಯ ಬಟ್ಟೆ ಬೇರೆ ಇರಲಿ.

ಮನೆಯ ಗಾಜು ಒರೆಸಲು ಸಿಗುವ ದ್ರವವೂ ಬೇಡ. ಅಮೋನಿಯಾ ಇರುವ ದ್ರವ ಗಾಜಿಗೆ ಸರಿ. ಈ ಹಾಳೆಗೆ ಸರಿಯಲ್ಲ. ಹಳೆಯ ಪತ್ರಿಕೆಯಿಂದ ಒರೆಸುವ ರೂಢಿಯೂ ಗಾಜಿಗೆ ಮಾತ್ರ.

ಕೆಲವರು ಹೊಳಪು ಬರಲಿ ಎಂದು ತೆಂಗಿನೆಣ್ಣೆ ಸವರುತ್ತಾರೆ. ಒಂದು ಗಳಿಗೆ ಹೊಳೆಯುತ್ತದೆ ನಿಜ. ಆಮೇಲೆ ಧೂಳು, ಹೊಗೆ, ಉಪ್ಪು ಎಲ್ಲ ಆ ಜಿಡ್ಡಿಗೇ ಅಂಟುತ್ತವೆ.

ಸೊಳ್ಳೆಗೆಂದು ಮೈಗೆ ಹಚ್ಚುವ ಮುಲಾಮು, ಬಿಸಿಲಿಗೆಂದು ಹಚ್ಚುವ ಕ್ರೀಮು ಕೈಯಲ್ಲಿದ್ದರೆ ಕಿಟಕಿ ಮುಟ್ಟಬಾರದು. ಕೈಯ ಅಚ್ಚು ಹಾಗೇ ಉಳಿದುಬಿಡಬಹುದು. ಇದನ್ನು ಪ್ರಯಾಣಿಕರಿಗೂ ನಯವಾಗಿ ತಿಳಿಸಿ.

ಮಡಚಬೇಡಿ, ಸುತ್ತಿ

ಕಿಟಕಿ ಬಿಚ್ಚಿದ ಮೇಲೆ ಹೇಗೆ ಇಡುತ್ತೀರಿ? ಸೀರೆಯಂತೆ ಮಡಚಿ ಮೂಟೆಯ ಕೆಳಗೆ ತುರುಕಿದರೆ ಅದು ಹೋಯಿತು ಅಂತಲೇ ತಿಳಿಯಿರಿ. ಮಡಿಕೆಯ ಗೆರೆ ಮತ್ತೆ ಹೋಗುವುದಿಲ್ಲ. ಸೀಳುವುದೂ ಆ ಗೆರೆಯಲ್ಲೇ.

ಚಾಪೆಯಂತೆ ಸುರುಳಿ ಸುತ್ತಿ. ನಡುವೆ ಒಂದು ಪೈಪಿನ ತುಂಡು ಇಟ್ಟರೆ ಇನ್ನೂ ಒಳ್ಳೆಯದು. ಹಾಳೆಗೆ ಹಾಳೆ ತಾಗದಂತೆ ನಡುವೆ ಬಿಳಿಯ ಮೆತ್ತನೆಯ ಬಟ್ಟೆ ಹಾಸಿ. ಬಣ್ಣ ಬಿಡುವ ಬಟ್ಟೆ ಬೇಡ. ಪತ್ರಿಕೆಯ ಹಾಳೆಯೂ ಬೇಡ. ಬಟ್ಟೆಯ ಬಣ್ಣ, ಪತ್ರಿಕೆಯ ಶಾಯಿ ಪ್ಲಾಸ್ಟಿಕ್ಕಿಗೆ ಇಳಿಯುತ್ತವೆ. ಹಗ್ಗದಿಂದ ಬಿಗಿದು ಕಟ್ಟಬೇಡಿ. ಅಗಲವಾದ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ.

ಒದ್ದೆಯಾಗಿ ಸುತ್ತಿಡಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಪ್ಪಳಕ್ಕೂ ಬೂಷ್ಟು ಬರುತ್ತದೆ. ಒದ್ದೆ ಸುರುಳಿಗೆ ಬಾರದೆ ಇರುತ್ತದೆಯೇ? ಹಾಳೆಯೂ ತೇವ ಹಿಡಿದು ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾದರೆ ಗಾಬರಿ ಬೇಡ. ನೆರಳಿನಲ್ಲಿ ಬಿಚ್ಚಿ ಹರಡಿ. ಒಣಗಿದ ಮೇಲೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಬೂಷ್ಟು ಬಂದ ಹೊಲಿಗೆ ಮಾತ್ರ ಹಾಗೆ ಸರಿಯಾಗುವುದಿಲ್ಲ.

ಸುರುಳಿಯನ್ನು ಎಂಜಿನ್ ಹತ್ತಿರ ಇಡಬೇಡಿ. ಹೊಗೆ ಕೊಳವೆಗೆ ತಾಗುವಂತೆ ಇಡಲೇಬೇಡಿ. ಬಿಸಿಗೆ ಹಾಳೆ ಸುಕ್ಕಾಗಿ ಅಂಟಿಕೊಳ್ಳುತ್ತದೆ.

ದೋಣಿ ನಿಂತಿರುವ ಹಗಲು ಹೊತ್ತಿನಲ್ಲಿ ಕಿಟಕಿಗೆ ಹೊರಗಿನಿಂದ ಬಟ್ಟೆಯ ಮುಸುಕು ಹಾಕಿ. ಮುಸುಕಿದ್ದರೆ ಬಿಸಿಲು ತಾಗುವುದಿಲ್ಲ. ಆದರೆ ಗಾಳಿಗೆ ಪಟಪಟ ಬಡಿಯದಂತೆ ಸರಿಯಾಗಿ ಕಟ್ಟಿ. ಬಡಿದರೆ ಅದೂ ಉಜ್ಜಿದಂತೆಯೇ.

ಜಿಪ್ಪು ಮತ್ತು ಹೊಲಿಗೆ

ಎಷ್ಟೋ ಸಲ ಹಾಳೆ ಚೆನ್ನಾಗಿರುತ್ತದೆ. ಜಿಪ್ಪು ಕೈಕೊಡುತ್ತದೆ, ಇಲ್ಲವೇ ಹೊಲಿಗೆ ಬಿಡುತ್ತದೆ.

ಜಿಪ್ಪಿನ ಹಲ್ಲುಗಳ ನಡುವೆ ಉಪ್ಪು ಕೂತರೆ ಅದು ಸರಿಯುವುದಿಲ್ಲ. ಜೋರಾಗಿ ಎಳೆದರೆ ಕಿತ್ತುಬರುತ್ತದೆ. ಸಿಹಿನೀರು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಲ್ಲುಗಳನ್ನು ಮಾತ್ರ ತಿಕ್ಕಿ. ಬ್ರಷ್ ಹಾಳೆಗೆ ತಾಗದಿರಲಿ. ಒಣಗಿದ ಮೇಲೆ ಮೇಣದಬತ್ತಿಯನ್ನು ಹಲ್ಲುಗಳ ಮೇಲೆ ಎಳೆಯಿರಿ. ಜಿಪ್ಪು ಬೆಣ್ಣೆಯಂತೆ ಸರಿಯುತ್ತದೆ.

ಒತ್ತಿ ಹಾಕುವ ಗುಂಡಿಗಳಿದ್ದರೆ ಗುಂಡಿಯ ಪಕ್ಕದಲ್ಲೇ ಹಿಡಿದು ಬಿಚ್ಚಿ. ಹಾಳೆಯ ನಡುವೆ ಹಿಡಿದು ಎಳೆದರೆ ಅಂಚು ಹರಿಯುತ್ತದೆ.

ಹೊಲಿಸುವಾಗ ಹತ್ತಿಯ ದಾರ ಬೇಡ. ಬಿಸಿಲು ನೀರಿಗೆ ಬೇಗ ಲಡ್ಡಾಗುತ್ತದೆ. ಗಟ್ಟಿಯಾದ ಪಾಲಿಯೆಸ್ಟರ್ ದಾರ ಹಾಕಿಸಿ. ಹೊಲಿಗೆಯ ತೂತುಗಳು ತೀರಾ ಹತ್ತಿರ ಇರಬಾರದು. ಅಂಚೆಚೀಟಿಯ ಸುತ್ತ ಸಾಲು ತೂತು ಯಾಕಿರುತ್ತದೆ? ಸುಲಭವಾಗಿ ಹರಿಯಲಿ ಎಂದು. ಹತ್ತಿರ ಹತ್ತಿರ ಹೊಲಿದ ಕಿಟಕಿಯೂ ಅಂಚೆಚೀಟಿಯ ಹಾಗೆ ಹರಿದುಬರುತ್ತದೆ.

ಚಿಕ್ಕದಾಗಿ ಹರಿದಿದ್ದರೆ ಅದು ಬೆಳೆಯುವ ಮೊದಲೇ ತಡೆಯಿರಿ. ಹರಿದ ತುದಿ ಚೂಪಾಗಿದ್ದರೆ ಮುಂದಕ್ಕೆ ಸೀಳುತ್ತಾ ಹೋಗುತ್ತದೆ. ಕತ್ತರಿಯಿಂದ ಆ ತುದಿಯನ್ನು ಗುಂಡಗೆ ಮಾಡಿ. ದಡ ಸೇರುವ ತನಕ ಎರಡೂ ಬದಿಗೆ ಅಂಟುಪಟ್ಟಿ ಹಚ್ಚಿ. ಆಮೇಲೆ ದೊಡ್ಡ ತೇಪೆ ಹಾಕಿ ಹೊಲಿಸಿ. ಎದುರಿಗೆ ನೋಡುವ ಜಾಗದಲ್ಲಿ ಮಾತ್ರ ತೇಪೆ ಬೇಡ. ಅಲ್ಲಿ ಹೊಸ ಹಾಳೆಯೇ ಬೇಕು.

ಸಣ್ಣ ಗೀರುಗಳಿಗೆ ಪ್ಲಾಸ್ಟಿಕ್‌ಗೆಂದೇ ಮಾಡಿದ ಪಾಲಿಶ್ ಇದೆ. ಅದನ್ನು ತೊಳೆದು ಒಣಗಿದ ಕಿಟಕಿಗೆ ಮಾತ್ರ ಹಚ್ಚಬೇಕು. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಉಗುರಿಗೆ ಸಿಗುವಷ್ಟು ಆಳದ ಗೀರು ಪಾಲಿಶ್‌ನಿಂದ ಹೋಗುವುದಿಲ್ಲ.

ಜೀವದ ಮಾತು

ಕಿಟಕಿ ಶುಚಿಯಾಗಿದ್ದರೆ ಸಾಲದು. ಅದು ಬೇಗ ತೆರೆಯುವಂತೆಯೂ ಇರಬೇಕು. ದೋಣಿ ವಾಲಿದರೆ, ನೀರು ನುಗ್ಗಿದರೆ ಜನ ಹೊರಗೆ ಬರಲು ದಾರಿ ಬೇಕು. ಮುಚ್ಚಿದ ಪರದೆ ಆಗ ಬಲೆಯಾಗುತ್ತದೆ. ಹೊರಡುವ ಮೊದಲು ಪ್ರತಿ ಜಿಪ್ಪನ್ನೂ ಒಳಗಿನಿಂದ ಎಳೆದು ನೋಡಿ. ಒಂದೇ ಎಳೆತಕ್ಕೆ ತೆರೆಯಬೇಕು. ಪರದೆಯನ್ನು ಹಗ್ಗದ ಗಂಟು ಹಾಕಿ ಬಿಗಿಯಬೇಡಿ. ಗಂಟು ಬಿಚ್ಚುತ್ತಾ ಕೂರಲು ಆಗ ಸಮಯ ಇರುವುದಿಲ್ಲ.

ಎಂಜಿನ್ ಓಡುವಾಗ ನಾಲ್ಕೂ ಬದಿ ಮುಚ್ಚಬೇಡಿ. ಹೊಗೆ ಒಳಗೆ ತುಂಬುತ್ತದೆ. ಅದರಲ್ಲಿ ವಾಸನೆಯಿಲ್ಲದ ವಿಷಗಾಳಿಯೂ ಇರುತ್ತದೆ. ಗಾಳಿ ಆಡಲು ದಾರಿ ಬಿಡಿ.

ಮಂಜು ಕವಿದಾಗ, ಮಳೆ ಹೊಡೆಯುವಾಗ, ಕತ್ತಲಾದಾಗ ಕಿಟಕಿಯ ಮೂಲಕ ಸರಿಯಾಗಿ ಕಾಣದಿದ್ದರೆ ಎದುರಿನ ಕಿಟಕಿ ಎತ್ತಿ ಕಟ್ಟಿ. ಮುಖ ನೆನೆದರೆ ಒರೆಸಿಕೊಳ್ಳಬಹುದು. ಡಿಕ್ಕಿಯಾದರೆ ಒರೆಸಿಕೊಳ್ಳಲು ಆಗದು.

ವರ್ಷಕ್ಕೊಮ್ಮೆ ತಪಾಸಣೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಕಡಲಿನ ಅಬ್ಬರ ಜಾಸ್ತಿಯಾದಾಗ ಪ್ರವಾಸಿ ದೋಣಿಗಳೂ ನಿಲ್ಲುತ್ತವೆ. ಬಲೆ ನೇಯಲು, ದೋಣಿಗೆ ಬಣ್ಣ ಹೊಡೆಯಲು ಇದೇ ಸಮಯ. ಕಿಟಕಿ ನೋಡಲೂ ಇದೇ ಸಮಯ. ಬಣ್ಣ ಹೊಡೆಯುವ ಮೊದಲೇ ಕಿಟಕಿ ಬಿಚ್ಚಿ ತೆಗೆದಿಡಿ. ಬಣ್ಣದ ಹನಿ ಬಿದ್ದರೆ ತೆಗೆಯಲು ಥಿನ್ನರ್ ಬೇಕಾಗುತ್ತದೆ. ಥಿನ್ನರ್ ತಾಗಿದರೆ ಹಾಳೆಯೇ ಹೋಗುತ್ತದೆ.

ಹಾಳೆ ಇನ್ನೂ ಬಾಳುತ್ತದೆಯೇ ಎಂದು ತಿಳಿಯಲು ಹೀಗೆ ಮಾಡಿ. ಚುಕ್ಕಾಣಿಯ ಹತ್ತಿರ ನಿಂತು ಕಿಟಕಿಯ ಮೂಲಕ ದೂರದ ತೆಂಗಿನ ಮರ ನೋಡಿ. ಗರಿಗಳು ಬೇರೆ ಬೇರೆಯಾಗಿ ಕಾಣುತ್ತವೆಯೇ? ಈಗ ಕಿಟಕಿ ಎತ್ತಿ ಅದೇ ಮರ ನೋಡಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದ್ದರೆ ಹಾಳೆ ಬದಲಿಸುವ ಕಾಲ ಬಂತು. ಹಾಳೆಯ ಒಂದು ಮೂಲೆಯನ್ನು ಮೆಲ್ಲಗೆ ಬಾಗಿಸಿ. ಬಿರುಸಾಗಿ ಸದ್ದು ಮಾಡಿದರೂ, ಬಿರುಕು ಬಿಟ್ಟರೂ ಬದಲಿಸಿ.

ಹೊಸ ಹಾಳೆ ಕೊಳ್ಳುವಾಗ ತೀರಾ ತೆಳುವಾದದ್ದು ಬೇಡ. ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ದಪ್ಪ ಇರಲಿ. ಬಿಸಿಲು ತಡೆಯುವ ಗುಣ ಇದೆಯೇ ಎಂದು ಕೇಳಿ. ಹಾಳೆಯ ಹಿಂದೆ ಅಕ್ಷರ ಹಿಡಿದು ಓದಿ ನೋಡಿ. ಅಕ್ಷರ ಡೊಂಕಾಗಿ ಕಂಡರೆ ಬೇಡ ಅನ್ನಿ. ಓದು ಕಲಿತದ್ದು ಅಂಗಡಿಯಲ್ಲೂ ಉಪಯೋಗಕ್ಕೆ ಬರುತ್ತದೆ!

ಹಳೆಯ ಹಾಳೆಯನ್ನು ಕಡಲಿಗೆ ಎಸೆಯಬೇಡಿ. ಸುಡಲೂ ಬೇಡಿ. ಪಿ.ವಿ.ಸಿ. ಸುಟ್ಟರೆ ವಿಷದ ಹೊಗೆ ಬರುತ್ತದೆ. ಚೆನ್ನಾಗಿರುವ ತುಂಡುಗಳನ್ನು ತೇಪೆಗೆ ಇಟ್ಟುಕೊಳ್ಳಿ. ಲೆಕ್ಕದ ಪುಸ್ತಕಕ್ಕೆ, ದೋಣಿಯ ಕಾಗದಪತ್ರಗಳಿಗೆ ಹೊದಿಕೆ ಮಾಡಿ. ಉಳಿದದ್ದನ್ನು ಒಣ ಕಸದ ಗಾಡಿಗೆ ಕೊಡಿ.

ನೆನಪಿಡಿ

ಒಣ ಕಿಟಕಿಯನ್ನು ಒಣ ಬಟ್ಟೆಯಿಂದ ಉಜ್ಜಬೇಡಿ.
ಪ್ರತಿದಿನ ಒಂದು ಕೊಡ ಸಿಹಿನೀರು ಸುರಿಯಿರಿ.
ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ತಾಗಿಸಬೇಡಿ.
ಮಡಚಬೇಡಿ, ಒಣಗಿಸಿ ಸುತ್ತಿಡಿ.
ಜಿಪ್ಪು ಒಂದೇ ಎಳೆತಕ್ಕೆ ತೆರೆಯುವಂತಿರಲಿ.
ಕಾಣದಿದ್ದರೆ ಕಿಟಕಿ ಎತ್ತಿ.

ಓದಿ, ಉತ್ತರ ಹೇಳಿ

1. ಒಣ ಬಟ್ಟೆಯಿಂದ ಒರೆಸಿದರೆ ಕಿಟಕಿ ಯಾಕೆ ಮಂಜಾಗುತ್ತದೆ?
2. ನಿಮ್ಮ ಬಾವಿಯ ನೀರು ಸಿಹಿಯೋ, ಸವಳೋ? ಸವಳಾದರೆ ಯಾವ ನೀರಿನಿಂದ ತೊಳೆಯುತ್ತೀರಿ?
3. ಹತ್ತಿರ ಹತ್ತಿರ ಹೊಲಿಗೆ ಹಾಕಿದರೆ ಏನಾಗುತ್ತದೆ?
4. ನೀವು ಹತ್ತುವ ದೋಣಿಯ ಪರದೆಯನ್ನು ಒಳಗಿನಿಂದ ತೆರೆಯುವುದು ಹೇಗೆ? ಮುಂದಿನ ಸಲ ಹತ್ತಿದಾಗ ಕೇಳಿ ತಿಳಿಯಿರಿ. ಮನೆಯವರಿಗೂ ಹೇಳಿಕೊಡಿ.